ಜಾತ್ರೆಯ ಜಗ್ಗುವ ಸ್ಪರ್ಧೆಗೆ ಹಳೇ ಟ್ರ್ಯಾಕ್ಟರ್ ರೆಡಿ ಮಾಡ್ತೀರಾ? ಎಂಜಿನ್‌ಗಿಂತ ಮೊದಲು ಹಿಚ್ ನೋಡಿ

ನಮ್ಮ ಮುಧೋಳ-ಜಮಖಂಡಿ ಕಡೆ ಜಾತ್ರೆ ಅಂದರೆ ಮೊದಲು ತೆರಬಂಡಿ, ಕಲ್ಲು ಜಗ್ಗುವ ಸ್ಪರ್ಧೆ. ಈಗ ಅವುಗಳ ಜೊತೆಗೆ ಟ್ರ್ಯಾಕ್ಟರ್ ಸ್ಪರ್ಧೆನೂ ಸೇರಿಕೊಂಡಿದೆ. ಕೆಲವು ಊರಲ್ಲಿ ಟ್ರೇಲರ್ ರಿವರ್ಸ್ ಹೊಡೆಯುವುದು, ಕೆಲವು ಊರಲ್ಲಿ ಎರಡು ಟ್ರ್ಯಾಕ್ಟರ್ ಬೆನ್ನಿಗೆ ಬೆನ್ನು ಕೊಟ್ಟು ಜಗ್ಗುವುದು. ಇನ್ನು ಕೆಲವು ಕಡೆ ಭಾರ ತುಂಬಿದ ಟ್ರೇಲರಿನ ಗಾಲಿ ತಿರುಗದಂತೆ ಕಟ್ಟಿ, ಒಂದು ನಿಮಿಷಕ್ಕೆ ಎಷ್ಟು ಫೂಟ್ ಎಳೆದಿರಿ ಅಂತ ಅಳೆಯುತ್ತಾರೆ. ನಾನು ಹೋದ ವರ್ಷ ಇಳಿದದ್ದು ಈ ಮೂರನೆಯದಕ್ಕೆ.

ನಮ್ಮದು 2003ರ ಮಾಡೆಲ್, 45 ಎಚ್.ಪಿ., ನಾಲ್ಕು ಸಿಲಿಂಡರ್ ಗಾಡಿ. ಕಂಪನಿ ಹೆಸರು ಬೇಡ, ಯಾವ ಕಂಪನಿಯದಾದರೂ ಮಾತು ಒಂದೇ. ಮನೆಗೆ ಇದೊಂದೇ ಟ್ರ್ಯಾಕ್ಟರ್. ಸ್ಪರ್ಧೆಗೆ ಹೋಗ್ತೀನಿ ಅಂದಾಗ ಅಪ್ಪ ಬೇಡ ಅನ್ನಲಿಲ್ಲ. "ಹೋಗು. ಆದ್ರ ಕಾರ್ಖಾನಿ ಚಾಲೂ ಆದ ದಿನ ಗಾಡಿ ಕಬ್ಬಿನ ಹೊಲದಾಗ ನಿಂತಿರಬೇಕು" ಅಂದರು. ಅಷ್ಟೇ ಷರತ್ತು. ಸೀಸನ್‌ನಲ್ಲಿ ಗಾಡಿ ಕೈಕೊಟ್ಟರೆ ನಮ್ಮ ಕಬ್ಬೂ ಹೊಲದಲ್ಲೇ ಒಣಗುತ್ತದೆ, ಬಾಡಿಗೆ ದುಡ್ಡೂ ಹೋಗುತ್ತದೆ.

ಮೊಬೈಲ್‌ನಲ್ಲಿ ಅಮೆರಿಕದ ಪುಲ್ಲಿಂಗ್ ವಿಡಿಯೋ ನೀವೂ ನೋಡಿರುತ್ತೀರಿ. ಅಲ್ಲಿ ಟ್ರ್ಯಾಕ್ಟರ್ ಅಷ್ಟೇ ಅಲ್ಲ, ಹಳೇ ಪಿಕಪ್ ಗಾಡಿಗಳನ್ನೂ ರಿಪೇರಿ ಮಾಡಿ ಇಳಿಸುತ್ತಾರೆ. ಅವರು ಎಳೆಯುವ ಸ್ಲೆಡ್ ಮೇಲೆ ಒಂದು ಭಾರದ ಪೆಟ್ಟಿಗೆ ಇರುತ್ತದೆ. ಗಾಡಿ ಮುಂದೆ ಹೋದಂತೆ ಆ ಪೆಟ್ಟಿಗೆ ಸ್ಲೆಡ್ಡಿನ ಮುಂಭಾಗಕ್ಕೆ ಸರಿಯುತ್ತದೆ, ಎಳೆತ ಹೆಚ್ಚುತ್ತಾ ಹೋಗಿ ಕೊನೆಗೆ ಗಾಡಿ ನಿಲ್ಲುತ್ತದೆ. 1969ರಿಂದ ಅಲ್ಲಿ ಇದಕ್ಕೆ ರಾಷ್ಟ್ರಮಟ್ಟದ ಸಂಘ, ನಿಯಮ ಎಲ್ಲಾ ಇವೆ. ನಾವು ನೋಡುವುದು ಹೊಗೆ ಮತ್ತು ಸೌಂಡ್ ಅಷ್ಟೇ. ಸ್ಪರ್ಧೆಗೆ ಮೊದಲು ಟೇಪ್ ಹಿಡಿದು ಹಿಚ್ ಎತ್ತರ ಅಳೆಯುವುದು, ಗಾಡಿ ಸ್ಲೆಡ್ಡಿನಿಂದ ಕಳಚಿದರೆ ಎಂಜಿನ್ ತಾನೇ ಬಂದ್ ಆಗುವ ಸ್ವಿಚ್ ಕಟ್ಟುವುದು, ಇವು ವಿಡಿಯೋದಲ್ಲಿ ಬರುವುದಿಲ್ಲ.

ಪಂಪಿನ ಸ್ಕ್ರೂ ತಿರುಗಿಸುವ ಹುಚ್ಚು

ಮೊದಲ ದಿನವೇ ಗೆಳೆಯರೆಲ್ಲ ಹೇಳಿದ್ದು ಒಂದೇ: ಡೀಸೆಲ್ ಪಂಪಿನ ಸೀಲ್ ಒಡೆದು ಸ್ಕ್ರೂ ತಿರುಗಿಸು, ಪವರ್ ಬರ್ತದೆ. ನಾನೂ ಸ್ಪ್ಯಾನರ್ ಹಿಡಿದುಕೊಂಡೇ ಗ್ಯಾರೇಜಿಗೆ ಹೋಗಿದ್ದೆ. ನಮ್ಮ ಮಿಸ್ತ್ರಿ ಕಾಕಾ ಚಹಾ ಕುಡಿಯುತ್ತಾ ಕೇಳಿದರು: "ಗಾಡಿ ಜಗ್ಗಲಾರದಕ್ಕ ಬಂದ್ ಬೀಳತೈತೇನು, ಇಲ್ಲಾ ಗಾಲಿ ಸುಮ್ಮನ ತಿರಗತಾವೇನು?"

ಗೊತ್ತಿರಲಿಲ್ಲ. ಹೋಗಿ ನೋಡಿದೆವು. ಪಕ್ಕದ ಹೊಲದ ಕಾಕಾನ ಟ್ರೇಲರಿಗೆ ಕಲ್ಲು ತುಂಬಿ, ಗಾಲಿ ಕಟ್ಟಿ, ಫಸ್ಟ್ ಲೋ ಗೇರಿನಲ್ಲಿ ಎಳೆದೆ. ಅರ್ಧ ರೇಸ್ ಕೊಡುವಷ್ಟರಲ್ಲೇ ಹಿಂದಿನ ಗಾಲಿ ನಿಂತಲ್ಲೇ ತಿರುಗಿ ಮಣ್ಣು ಎರಚಿತು. ಎಂಜಿನ್ ಸೌಂಡ್ ಒಂಚೂರೂ ಇಳಿಯಲಿಲ್ಲ. ಅಂದರೆ ಎಂಜಿನ್ ಬಳಿ ಶಕ್ತಿ ಇನ್ನೂ ಉಳಿದಿದೆ, ಅದನ್ನು ನೆಲಕ್ಕೆ ಕೊಡಲು ಗಾಲಿಗೆ ಆಗುತ್ತಿಲ್ಲ. ಇಂಥ ಗಾಡಿಗೆ ಇನ್ನಷ್ಟು ಪವರ್ ಕೊಟ್ಟರೆ ಇನ್ನಷ್ಟು ಜೋರಾಗಿ ಗುಂಡಿ ತೋಡುತ್ತದೆ, ಅಷ್ಟೇ. ಈ ಪರೀಕ್ಷೆ ನೀವೂ ಮಾಡಿ. ಒಂದು ಮಾತು ನೆನಪಿರಲಿ: ಗಿಡಕ್ಕೆ, ಬೊಡ್ಡೆಗೆ, ಕಂಬಕ್ಕೆ ಕಟ್ಟಿ ಎಂದೂ ಜಗ್ಗಬೇಡಿ. ಮುಂದೆ ಸರಿಯದ ವಸ್ತುವಿಗೆ ಕಟ್ಟಿದಾಗ ಟ್ರ್ಯಾಕ್ಟರೇ ಹಿಂದಕ್ಕೆ ಮಗುಚುತ್ತದೆ.

ಪಂಪ್ ತಿರುಗಿಸಿದರೆ ಆಗುವುದೇನು? ಡೀಸೆಲ್ ಹೆಚ್ಚು ಬೀಳುತ್ತದೆ, ಗಾಳಿ ಅಷ್ಟೇ ಇರುತ್ತದೆ. ಸುಡಲಾಗದ ಡೀಸೆಲ್ ಕಪ್ಪು ಹೊಗೆಯಾಗಿ ಹೋಗುತ್ತದೆ, ಸಿಲಿಂಡರಿನ ಒಳಗೆ ಶಾಖ ಏರುತ್ತದೆ. ಮೊದಲು ಹೆಡ್ ಗ್ಯಾಸ್ಕೆಟ್, ಆಮೇಲೆ ವಾಲ್ವ್, ಪಿಸ್ಟನ್. ಒಂದು ನಿಮಿಷದ ಆಟಕ್ಕೆ ಅದು ತಡೆದೀತು. ಆದರೆ ಅದೇ ಸೆಟ್ಟಿಂಗಿನಲ್ಲಿ ಎರಡು ಟ್ರೇಲರ್ ಕಬ್ಬು ಕಟ್ಟಿಕೊಂಡು ಏರು ಹತ್ತಿಸಿದರೆ ತಡೆಯುವುದಿಲ್ಲ.

ಎಂಜಿನ್‌ಗೆ ನಾವು ಮಾಡಿದ್ದು ಬರೀ ಮಾಮೂಲಿ ಸರ್ವಿಸ್. ಏರ್ ಕ್ಲೀನರ್ ಬಟ್ಟಲಿನಲ್ಲಿ ಆಯಿಲ್ ಬದಲು ಕೆಸರು ಇತ್ತು, ತೊಳೆದು ಗೆರೆಯವರೆಗೆ ಹೊಸ ಆಯಿಲ್ ಹಾಕಿದೆವು. ರೇಡಿಯೇಟರ್ ಸಂದಿಯಲ್ಲಿ ಕಬ್ಬಿನ ರವದಿ ಧೂಳು ಕುಂತಿತ್ತು, ಫ್ಯಾನ್ ಕಡೆಯಿಂದ ನೀರು ಬಿಟ್ಟು ಹೊರಗೆ ತಳ್ಳಿದೆವು. ಡೀಸೆಲ್ ಫಿಲ್ಟರ್ ಬದಲಾಯಿಸಿ, ನೋಜಲ್ ಟೆಸ್ಟ್ ಮಾಡಿಸಿ, ಟ್ಯಾಪೆಟ್ ಹೊಂದಿಸಿದ್ದಾಯಿತು. ಇಷ್ಟಕ್ಕೇ ಹೊಗೆ ಅರ್ಧ ಕಡಿಮೆ ಆಯಿತು.

ಕ್ಲಚ್ ಮತ್ತು ಟೈರ್: ದುಡ್ಡು ಹಾಕಬೇಕಾದ್ದು ಇಲ್ಲಿ

ಕ್ಲಚ್ ಪರೀಕ್ಷೆ ಸುಲಭ. ಸಮತಟ್ಟಾದ ಜಾಗದಲ್ಲಿ, ಮುಂದೆ ಯಾರೂ ಇಲ್ಲದಾಗ, ಎರಡೂ ಬ್ರೇಕ್ ಜೋಡಿಸಿ ಒತ್ತಿ ಹಿಡಿಯಿರಿ. ಟಾಪ್ ಗೇರಿಗೆ ಹಾಕಿ ಕ್ಲಚ್ ನಿಧಾನಕ್ಕೆ ಬಿಡಿ. ಎಂಜಿನ್ ಬಂದ್ ಬಿದ್ದರೆ ಕ್ಲಚ್ ಹಿಡಿಯುತ್ತಿದೆ. ಎಂಜಿನ್ ಓಡುತ್ತಲೇ ಇದ್ದು ಗಾಡಿನೂ ನಿಂತಲ್ಲೇ ಇದ್ದರೆ ಪ್ಲೇಟ್ ಜಾರುತ್ತಿದೆ. ನಮ್ಮದು ಓಡುತ್ತಲೇ ಇತ್ತು! ಬಿಚ್ಚಿ ನೋಡಿದರೆ ಪ್ಲೇಟ್ ಸವೆದು ರಿವೆಟ್ ಮೇಲೆ ಬಂದಿತ್ತು, ಹಿಂದಿನ ಸೀಲಿನಿಂದ ಎಂಜಿನ್ ಆಯಿಲ್ ಸೋರಿ ಅದಕ್ಕೆ ಹತ್ತಿತ್ತು. ಸೀಲ್ ಬಿಟ್ಟು ಬರೀ ಪ್ಲೇಟ್ ಬದಲಾಯಿಸಿದರೆ ಆರು ತಿಂಗಳಿಗೆ ಮತ್ತೆ ಅದೇ ಹಾಡು. ಎರಡೂ ಹಾಕಿಸಿದೆ, ಕೂಲಿ ಸೇರಿ ಹನ್ನೊಂದು ಸಾವಿರ ಬಿತ್ತು. ಪ್ಲೇಟ್ ಯಾಕೆ ಸುಟ್ಟಿತ್ತು ಅಂತ ಮಿಸ್ತ್ರಿ ಕಾಕಾ ನನ್ನ ಎಡಗಾಲು ನೋಡಿಯೇ ಹೇಳಿದರು. ರಸ್ತೆ ಮೇಲೆ ಹೋಗುವಾಗ ಕ್ಲಚ್ ಪೆಡಲ್ ಮೇಲೆ ಕಾಲು ಇಟ್ಟುಕೊಳ್ಳುವ ಚಟ ನನಗೆ.

ಹಿಂದಿನ ಟೈರ್ 13.6-28 ಸೈಜು. ಗುಬ್ಬಿ ಸವೆದು ನುಣ್ಣಗಾಗಿದ್ದವು. ಹೊಸದಕ್ಕೆ ದುಡ್ಡಿರಲಿಲ್ಲ, ಕೇಸಿಂಗ್ ಗಟ್ಟಿ ಇದ್ದದ್ದಕ್ಕೆ ರಬ್ಬರ್ ಹಾಕಿಸಿದೆ. ಕೂಡಿಸುವಾಗ ದಿಕ್ಕು ನೋಡಿ: ವಿ ಆಕಾರದ ಚೂಪು ತುದಿ ಮೊದಲು ನೆಲ ಮುಟ್ಟಬೇಕು. ಟೈರಿನ ಪಕ್ಕದಲ್ಲಿ ಬಾಣದ ಗುರುತು ಇರುತ್ತದೆ. ಉಲ್ಟಾ ಹಾಕಿದರೆ ಗುಬ್ಬಿಯ ಸಂದಿಯಲ್ಲಿ ಎರಿ ಮಣ್ಣು ಮೆತ್ತಿಕೊಂಡೇ ಇರುತ್ತದೆ. ಅಂಥ ಗಾಡಿ ನಮ್ಮೂರಲ್ಲೇ ಎರಡು ಓಡಾಡುತ್ತಿವೆ.

ಆಮೇಲೆ ಭಾರ. ಟ್ಯೂಬಿಗೆ ನೀರು ತುಂಬುವುದು ಎಲ್ಲಕ್ಕಿಂತ ಅಗ್ಗ. ಗಾಲಿ ಜ್ಯಾಕ್ ಮೇಲೆ ಎತ್ತಿ, ವಾಲ್ವ್ ಮೇಲಕ್ಕೆ ಬರುವಂತೆ ತಿರುಗಿಸಿ, ನೀರಿನ ಅಡಾಪ್ಟರ್ ಹಾಕಿ ತುಂಬಿಸಬೇಕು. ವಾಲ್ವ್ ಮಟ್ಟಕ್ಕೆ ನೀರು ಬಂದಾಗ ಸುಮಾರು ನೂರಕ್ಕೆ 75 ತುಂಬಿದಂತೆ. ಪೂರ್ತಿ ತುಂಬಬಾರದು, ಮೇಲೆ ಗಾಳಿ ಇರಲೇಬೇಕು. ಇಲ್ಲದಿದ್ದರೆ ಟೈರ್ ಕಲ್ಲಿನಂತಾಗಿ ಕೇಸಿಂಗ್ ಒಡೆಯುತ್ತದೆ. ಈ ಸೈಜಿಗೆ ಒಂದು ಗಾಲಿಗೆ ಹತ್ತಿರ ಹತ್ತಿರ 190 ಲೀಟರ್ ಹಿಡಿಯುತ್ತದೆ, ಎರಡಕ್ಕೂ ಸೇರಿ 380 ಕೆ.ಜಿ. ನೀರು ಹೆಪ್ಪುಗಟ್ಟುವ ಚಳಿ ದೇಶಗಳಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ, ನಮಗೆ ಬೋರಿನ ನೀರೇ ಸಾಕು. ಕೊನೆಗೆ ಗಾಳಿ 12 ಪಿ.ಎಸ್.ಐ. ಆಸುಪಾಸು ಇಟ್ಟೆವು. ನಿಮ್ಮ ಗಾಡಿಯ ಪುಸ್ತಕದಲ್ಲಿ ಹೊಲಕ್ಕೆ ಎಷ್ಟು ಅಂತ ಬರೆದಿದೆಯೋ ಅಷ್ಟೇ ಇಡಿ, ಹಿಡಿತ ಬರಲಿ ಅಂತ ಇನ್ನೂ ಇಳಿಸಿದರೆ ರಿಮ್ ಒಳಗೆ ಟೈರ್ ಜಾರಿ ವಾಲ್ವ್ ಕಿತ್ತು ಬರುತ್ತದೆ.

ನೀರು ತುಂಬಿದ ಮರುದಿನ ಅದೇ ಕಲ್ಲಿನ ಟ್ರೇಲರ್ ಗಾಲಿ ತಿರುಗಿಸದೆ ಎಳೆದುಬಿಟ್ಟಿತು. ಕುಣಿದಾಡಿಬಿಟ್ಟೆವು. ತಪ್ಪಾಗಿದ್ದು ಅಲ್ಲಿಂದಲೇ.

ಮೂಗು ಎದ್ದ ದಿನ

ಹುಮ್ಮಸ್ಸಿನಲ್ಲಿ ಟ್ರೇಲರಿಗೆ ಇನ್ನಷ್ಟು ಕಲ್ಲು ಹೇರಿದೆವು. ಗೆಳೆಯನೊಬ್ಬ, "ಚೈನ್ ಮ್ಯಾಲ ಕಟ್ಟೋ, ಹಿಂದಿನ ಗಾಲಿ ಮ್ಯಾಲ ಭಾರ ಬೀಳತೈತಿ" ಅಂದ. ಟಾಪ್ ಲಿಂಕ್ ಕೂಡಿಸುವ ಜಾಗಕ್ಕೇ ಚೈನ್ ಹಾಕಿದೆವು. ಭಾರಕ್ಕೆ ಇರಲಿ ಅಂತ ನನ್ನ ತಮ್ಮ ಮತ್ತು ಇನ್ನೊಬ್ಬ ಹಿಂದೆ ಲಿಫ್ಟ್ ತೋಳುಗಳ ಮೇಲೆ ಒಬ್ಬೊಬ್ಬರು ನಿಂತರು. ನಾನು ರೇಸ್ ಏರಿಸಿ ಕ್ಲಚ್ ಫಟ್ ಅಂತ ಬಿಟ್ಟೆ.

ಬಾನೆಟ್ ನನ್ನ ಮುಖದ ಮುಂದೆ ಗೋಡೆಯಂತೆ ಎದ್ದಿತು. ಕಣ್ಣಿಗೆ ಬರೀ ಆಕಾಶ. ಕ್ಲಚ್ ಒತ್ತಿದ್ದು ನಾನು ಯೋಚಿಸಿ ಅಲ್ಲ, ಹೆದರಿ ಕಾಲು ಚಾಚಿದ್ದು ಪೆಡಲ್ ಮೇಲೆ ಬಿತ್ತು. ಮುಂದಿನ ಗಾಲಿ ದಡ್ ಅಂತ ನೆಲಕ್ಕೆ ಬಿತ್ತು, ಆಕ್ಸಲ್ ಪಿನ್ನಿನ ಬುಶ್ ಒಡೆಯಿತು. ತಮ್ಮ ಪಕ್ಕಕ್ಕೆ ಸಿಡಿದು ಬಿದ್ದ. ಎಡ ಮುಂಗೈ ಎಲುಬು ಮುರಿದು ಆರು ವಾರ ಪ್ಲಾಸ್ಟರ್. ಪಕ್ಕಕ್ಕೆ ಬಿದ್ದದ್ದೇ ಪುಣ್ಯ. ಹಿಂದಕ್ಕೆ ಬಿದ್ದಿದ್ದರೆ ಚೈನ್ ಮತ್ತು ಗಾಲಿಯ ನಡುವೆ ಇರುತ್ತಿದ್ದ. ಅವ್ವ ನನ್ನ ಜೊತೆ ಒಂದು ವಾರ ಮಾತಾಡಲಿಲ್ಲ. ಅಪ್ಪ ಬೈಯಲಿಲ್ಲ, ಕೀಲಿಕೈ ತೆಗೆದುಕೊಂಡು ಹೋಗಿ ತಮ್ಮ ಪೆಟ್ಟಿಗೆಯಲ್ಲಿ ಇಟ್ಟರು.

ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಲು ಒಂದೂವರೆ ಸೆಕೆಂಡು ಸಾಕು. ಅದರಲ್ಲಿ ಅರ್ಧ ಕಳೆದರೆ ಆಮೇಲೆ ಕ್ಲಚ್ ಒತ್ತಿದರೂ ವಾಪಸ್ ಬರುವುದಿಲ್ಲ. "ಎದ್ದರೆ ನೋಡ್ಕೋತೀನಿ" ಅನ್ನುವವರಿಗೆ ಆ ಟೈಮೇ ಸಿಗುವುದಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ, ಮೊಬೈಲಿನ ಕ್ಯಾಲ್ಕುಲೇಟರ್ ಹಿಡಿದು ಕೂತೆ. ಲೆಕ್ಕ ಇಷ್ಟೇ: ಎಳೆತವನ್ನು ಹಿಚ್ಚಿನ ಎತ್ತರದಿಂದ ಗುಣಿಸಿ, ಮುಂದಿನ-ಹಿಂದಿನ ಗಾಲಿಗಳ ನಡುವಿನ ದೂರದಿಂದ ಭಾಗಿಸಿ. ಬಂದದ್ದು ಮುಂದಿನ ಗಾಲಿಯಿಂದ ಹಿಂದಕ್ಕೆ ಹೋಗುವ ಭಾರ. ನಮ್ಮ ಗಾಡಿ ಸುಮಾರು 1900 ಕೆ.ಜಿ., ಮುಂದಿನ ಗಾಲಿ ಮೇಲೆ 700. ಗಾಲಿಗಳ ನಡುವೆ 190 ಸೆಂ.ಮೀ. ಎಳೆತ 1500 ಕೆ.ಜಿ. ಅಂತ ಹಿಡಿಯಿರಿ. ನಾವು ಚೈನ್ ಕಟ್ಟಿದ್ದ ಎತ್ತರ 80 ಸೆಂ.ಮೀ. 1500 ಇಂಟು 80, ಭಾಗಿಸು 190, ಉತ್ತರ 631. ಹಿಂದೆ ತೋಳಿನ ಮೇಲೆ ನಿಂತ ಇಬ್ಬರು ಮುಂದಿನಿಂದ ಇನ್ನೊಂದು 48 ಕೆ.ಜಿ. ಎತ್ತಿದ್ದರು. 700ರಲ್ಲಿ ಉಳಿದದ್ದು 21 ಕೆ.ಜಿ., ಅರ್ಧ ಚೀಲ ಯೂರಿಯಾದಷ್ಟೂ ಇಲ್ಲ! ಅದರ ಮೇಲೆ ಕ್ಲಚ್ಚಿನ ಜರ್ಕ್ ಬೇರೆ.

ಅದೇ ಚೈನನ್ನು 45 ಸೆಂ.ಮೀ. ಎತ್ತರದ ಡ್ರಾಬಾರಿಗೆ ಕಟ್ಟಿ, ಯಾರನ್ನೂ ಹತ್ತಿಸದಿದ್ದರೆ? 355 ಕೆ.ಜಿ. ಹಿಂದಕ್ಕೆ ಹೋಗುತ್ತದೆ, ಮುಂದೆ 345 ಉಳಿಯುತ್ತದೆ. ಹಿಡಿತಕ್ಕೆ ಬೇಕಾದ ಭಾರನೂ ಸಿಕ್ಕಿತು, ಸ್ಟೇರಿಂಗೂ ಕೈಯಲ್ಲಿ ಉಳಿಯಿತು. ಗೆಳೆಯ ಹೇಳಿದ್ದು ಪೂರ್ತಿ ಸುಳ್ಳಲ್ಲ ನೋಡಿ, ಮೇಲೆ ಕಟ್ಟಿದರೆ ಹಿಂದಿನ ಗಾಲಿಗೆ ಭಾರ ಬರುವುದು ನಿಜ. ಆದರೆ ಆ ಭಾರ ಬರುವುದು ಮುಂದಿನ ಗಾಲಿಯಿಂದ ಕಿತ್ತು. ಇನ್ನೊಂದು ಸಂಗತಿ: ಡ್ರಾಬಾರಿಗೆ ಕಟ್ಟಿದಾಗ ಮೂಗು ಎದ್ದರೆ ಹಿಚ್ ಕೆಳಗೆ ಇಳಿಯುತ್ತದೆ, ಮಗುಚುವ ಬಲ ತಾನೇ ತಗ್ಗುತ್ತದೆ. ಆಕ್ಸಲ್‌ಗಿಂತ ಮೇಲೆ ಕಟ್ಟಿದರೆ ಈ ರಕ್ಷಣೆ ಇಲ್ಲ.

ನಿಮ್ಮ ಗಾಡಿಯ ಮೂರು ಅಳತೆ ಹಾಕಿ ಈ ಲೆಕ್ಕ ಮಾಡಿ ನೋಡಿ. ಮುಂದಿನ ಗಾಲಿ ಮೇಲಿನ ಭಾರ ತಿಳಿಯಲು ಮುಂದಿನ ಗಾಲಿಗಳನ್ನಷ್ಟೇ ವೇ ಬ್ರಿಜ್ ಮೇಲೆ ನಿಲ್ಲಿಸಿದರೆ ಸಾಕು, ಕಬ್ಬಿನ ಸೀಸನ್ ಇಲ್ಲದಾಗ ಯಾರೂ ಬೇಡ ಅನ್ನುವುದಿಲ್ಲ.

ಎರಡನೇ ಸಲ

ಹನ್ನೆರಡು ದಿನ ಕಳೆದ ಮೇಲೆ ಅಪ್ಪ ಕೀಲಿಕೈ ಕೊಟ್ಟರು, ಮಿಸ್ತ್ರಿ ಕಾಕಾ ಪಕ್ಕದಲ್ಲಿ ನಿಂತಿದ್ದರಷ್ಟೇ ಓಡಿಸಬೇಕು ಅಂತ ಹೇಳಿ. ಆಕ್ಸಲ್ ಬುಶ್ ಹೊಸದು ಹಾಕಿದೆವು. ಮುಂದಿನ ಬಂಪರಿಗೆ ಬೀಡು ಕಬ್ಬಿಣದ ತೂಕದ ಬಿಲ್ಲೆ 100 ಕೆ.ಜಿ. ಕೂಡಿಸಿದೆವು, ಗುಜರಿಯಲ್ಲಿ ಸಿಕ್ಕವು. ಮುಂದಿನ ಆಕ್ಸಲ್‌ಗಿಂತ ಮುಂದೆ ಇರುವುದರಿಂದ ಅವು ತಮ್ಮ ತೂಕಕ್ಕಿಂತ ಸ್ವಲ್ಪ ಹೆಚ್ಚೇ ಕೆಲಸ ಮಾಡುತ್ತವೆ. ನೈಲಾನ್ ಹಗ್ಗ ಬಿಟ್ಟು ಗಟ್ಟಿ ಚೈನ್, ಡಿ ಶಾಕಲ್ ತಂದೆವು. ನೈಲಾನ್ ಎಳೆದಷ್ಟು ಹಿಗ್ಗಿ, ತುಂಡಾದರೆ ಕವಣೆಯಂತೆ ಹೊಡೆಯುತ್ತದೆ. ಚೈನ್ ಆದರೂ ಅದರ ಉದ್ದಕ್ಕಿಂತ ಹೆಚ್ಚು ದೂರದಲ್ಲಿ ಜನ ನಿಲ್ಲಬೇಕು. ಜಾತ್ರೆಯಲ್ಲಿ ಇದು ಎಲ್ಲಕ್ಕಿಂತ ಕಷ್ಟ, ವಿಡಿಯೋ ಮಾಡುವವರು ಗಾಲಿ ಪಕ್ಕಕ್ಕೇ ಬರುತ್ತಾರೆ. ಅವರು ಸರಿಯುವವರೆಗೆ ನಾನು ಗೇರ್ ಹಾಕಲಿಲ್ಲ, ಮೈಕಿನವರು ಬೈದರೂ.

ಓಡಿಸುವ ರೀತಿನೂ ಬದಲಾಯಿತು. ಮೊದಲು ನಿಧಾನಕ್ಕೆ ಮುಂದೆ ಬಂದು ಚೈನ್ ಬಿಗಿ ಮಾಡಿಕೊಳ್ಳಬೇಕು, ಸಡಿಲ ಚೈನಿನಿಂದ ಜಿಗಿಯಬಾರದು. ಆಮೇಲೆ ಕ್ಲಚ್ ಪೂರ್ತಿ ಬಿಟ್ಟ ಮೇಲೆಯೇ ರೇಸ್ ಏರಿಸುವುದು. ಡಿಫರೆನ್ಶಿಯಲ್ ಲಾಕ್ ನೇರ ಎಳೆಯುವಾಗ ಮಾತ್ರ, ಗಾಲಿ ಜಾರುವ ಮೊದಲೇ ಒತ್ತಬೇಕು. ತಿರುಗುತ್ತಿರುವ ಗಾಲಿಗೆ ಒತ್ತಿದರೆ ಹಲ್ಲು ಮುರಿಯುತ್ತದೆ. ನಿಮ್ಮ ಗಾಡಿಗೆ ರೋಲ್ ಬಾರ್ ಇದ್ದರೆ ಸೀಟ್ ಬೆಲ್ಟ್ ಹಾಕಿ. ನಮ್ಮ ಹಳೇ ಗಾಡಿಯಂತೆ ರೋಲ್ ಬಾರ್ ಇಲ್ಲದಿದ್ದರೆ ಬೆಲ್ಟ್ ಕಟ್ಟಿಕೊಳ್ಳಬಾರದು, ಮಗುಚಿದರೆ ಅದರ ಕೆಳಗೇ ಉಳಿಯುತ್ತೀರಿ.

ಇನ್ಶೂರೆನ್ಸ್ ಕಾಗದನೂ ಒಮ್ಮೆ ತೆಗೆದು ನೋಡಿ. ಬಳಕೆಯ ಮಿತಿ ಅಂತ ಒಂದು ಕಲಂ ಇರುತ್ತದೆ. ರೇಸು, ವೇಗ ಪರೀಕ್ಷೆ ಇಂಥವಕ್ಕೆ ಪರಿಹಾರ ಇಲ್ಲ ಅಂತ ಸಾಮಾನ್ಯವಾಗಿ ಅದರಲ್ಲಿ ಬರೆದಿರುತ್ತದೆ. ಮೈದಾನದಲ್ಲಿ ಏನಾದರೂ ಆದರೆ ಖರ್ಚು ನಿಮ್ಮ ಮೇಲೇ ಅಂತ ತಿಳಿದುಕೊಂಡೇ ಇಳಿಯಿರಿ.

ಸ್ಪರ್ಧೆಯಲ್ಲಿ 143 ಫೂಟ್ ಎಳೆದೆ. ನಾಲ್ಕನೇ ನಂಬರ್, ಬಹುಮಾನ ಮೂರರವರೆಗೆ ಮಾತ್ರ. ಗೆದ್ದದ್ದು ಹೊಸ ಟೈರಿನ 50 ಎಚ್.ಪಿ. ಗಾಡಿ. ಎರಡನೆಯದು ಬಂದದ್ದು ಪಂಪ್ ತಿರುಗಿಸಿ ಕಪ್ಪು ಹೊಗೆ ಬಿಟ್ಟ ಗಾಡಿಯೇ, ಸುಳ್ಳು ಯಾಕೆ ಹೇಳಲಿ. ಅವರ ಮನೆಯಲ್ಲಿ ಇನ್ನೂ ಎರಡು ಟ್ರ್ಯಾಕ್ಟರ್ ಇವೆ. ತಮ್ಮ ಪ್ಲಾಸ್ಟರ್ ಕೈಯಲ್ಲೇ ಶಿಳ್ಳೆ ಹೊಡೆದ.

ಹೊಲದಲ್ಲಿ ಸಿಕ್ಕ ಲಾಭ

ಸ್ಪರ್ಧೆಗೆ ಅಂತ ಕಲಿತ ಒಂದು ಲೆಕ್ಕ ಈಗ ಡೀಸೆಲ್ ಉಳಿಸುತ್ತಿದೆ. ಹಿಂದಿನ ಗಾಲಿಗೆ ಸುಣ್ಣದ ಗುರುತು ಹಾಕಿ, ನೇಗಿಲು ಎತ್ತಿಕೊಂಡು ಹತ್ತು ಸುತ್ತು ಓಡಿಸಿ ದೂರ ಅಳೆಯಿರಿ. ಆಮೇಲೆ ನೇಗಿಲು ಇಳಿಸಿ ಅದೇ ಹತ್ತು ಸುತ್ತು. ನಮ್ಮದು ಖಾಲಿ 40 ಮೀಟರ್, ಎರಡು ಪಲ್ಟಿ ನೇಗಿಲು ಹಾಕಿದಾಗ 35. ಅಂದರೆ ಜಾರಿಕೆ ನೂರಕ್ಕೆ 12.5. ಹೊಲದ ಕೆಲಸಕ್ಕೆ 10ರಿಂದ 15 ಇದ್ದರೆ ಸರಿ. ಪಕ್ಕದ ಹೊಲದ ಕಾಕಾನ ಗಾಡಿಯದು ನುಣ್ಣನೆ ಟೈರಿನಲ್ಲಿ 30 ಮೀಟರ್ ಬಂತು, ನಾಲ್ಕರಲ್ಲಿ ಒಂದು ಸುತ್ತು ಸುಮ್ಮನೆ ತಿರುಗಿದಂತೆ. ಡೀಸೆಲ್ ಮಾತ್ರ ಪೂರ್ತಿ ಉರಿಯುತ್ತದೆ.

10ಕ್ಕಿಂತ ತೀರಾ ಕಡಿಮೆ ಬಂದರೆ ಭಾರ ಜಾಸ್ತಿ ಆಗಿದೆ ಅಂತ. ಅದಕ್ಕೇ ರೋಟಾವೇಟರ್, ಬಿತ್ತನೆ ಕೆಲಸಕ್ಕೆ ನೀರು ಅರ್ಧ ಇಳಿಸುತ್ತೇನೆ. ಹಸಿ ಎರಿ ಭೂಮಿ ಮೇಲೆ 380 ಕೆ.ಜಿ. ಸುಮ್ಮನೆ ಹೊತ್ತು ತಿರುಗಿದರೆ ನೆಲ ಗಟ್ಟಿಯಾಗುತ್ತದೆ, ಬೇರು ಇಳಿಯುವುದಿಲ್ಲ. ಇಳಿಸುವುದೂ ಸುಲಭ: ಗಾಲಿ ಎತ್ತಿ, ವಾಲ್ವ್ ಕೆಳಗೆ ಬರುವಂತೆ ತಿರುಗಿಸಿ ಬಿಟ್ಟರೆ ಗಾಳಿಯೇ ನೀರನ್ನು ತಳ್ಳುತ್ತದೆ.

ಕಾರ್ಖಾನೆ ಶುರುವಾದ ದಿನ ಬೆಳಿಗ್ಗೆ ಆರಕ್ಕೇ ಗಾಡಿ ಕಬ್ಬಿನ ಹೊಲದಲ್ಲಿ ನಿಂತಿತ್ತು. ಅಪ್ಪ ಬಂದು ಮೊದಲು ನೋಡಿದ್ದು ಬಾನೆಟ್ ಅಲ್ಲ. ಹಿಂದೆ ಬಗ್ಗಿ, ಟ್ರೇಲರ್ ಪಿನ್ ಎಲ್ಲಿ ಕೂತಿದೆ ಅಂತ ನೋಡಿದರು.